ಮಾರಿದವರು ಯಾರು? ಉಕ್ಕಲ್ ಶಾಸನದ ಓದಿನಲ್ಲಿ ಒಂದು ತಕರಾರು

ರಾಜರಾಜ ಚೋಳನ ಉಕ್ಕಲ್ ಶಾಸನದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಶಾಸನಪ್ರಿಯರಲ್ಲಿ ಒಂದೇ ಧಾಟಿಯ ಮಾತು ಕೇಳುತ್ತೇನೆ: "ಸಾವಿರ ವರ್ಷದ ಹಿಂದೆಯೇ ತೆರಿಗೆ ಬಾಕಿಗೆ ಜಮೀನು ಹರಾಜು ಹಾಕ್ತಿದ್ರು ನೋಡಿ, ಎಂಥ ಆಡಳಿತ!" ಹೊಗಳಿಕೆ ಇರಲಿ. ಆದರೆ ಆ ಕಲ್ಲು ಹೇಳೋದು ಇದನ್ನೇನಾ?

ಉಕ್ಕಲ್ ಇರುವುದು ತಮಿಳುನಾಡಿನಲ್ಲಿ, ಕಾಂಚೀಪುರದ ದಕ್ಷಿಣದ ಸೀಮೆಯಲ್ಲಿ. ಅಲ್ಲಿನ ವಿಷ್ಣು ದೇವಾಲಯದ ಶಾಸನಗಳನ್ನು ಹುಲ್ಟ್ಶ್ ಅವರು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 3ನೇ ಸಂಪುಟದಲ್ಲಿ ಸಂಪಾದಿಸಿದ್ದಾರೆ. ನಮಗೆ ಬೇಕಾದ್ದು ರಾಜರಾಜನ 24ನೇ ಆಳ್ವಿಕೆ ವರ್ಷದ್ದು, ಅಂದರೆ ಸುಮಾರು ಕ್ರಿ.ಶ. 1008-09. ತಂಜಾವೂರಿನಿಂದ ಹೊರಟ ರಾಜಾಜ್ಞೆ ಇದು. ಬ್ರಾಹ್ಮಣರ, ವೈಖಾನಸರ ಮತ್ತು ಜೈನರ ಊರುಗಳಲ್ಲಿ ಭೂಮಿ ಇಟ್ಟುಕೊಂಡು ತೆರಿಗೆ ಕಟ್ಟದವರ ಬಗ್ಗೆ ಮಾತಾಡುತ್ತದೆ. 16ರಿಂದ 23ನೇ ಆಳ್ವಿಕೆ ವರ್ಷದವರೆಗಿನ ಬಾಕಿಯ ಮಾತಿದೆ, ಎರಡು ಪೂರ್ಣ ವರ್ಷ ಎಂಬ ಗಡುವಿದೆ. ಅಂಥವರ ಭೂಮಿಯನ್ನು ತೆಗೆದುಕೊಂಡು ಮಾರುವ ಅಧಿಕಾರ ಊರಿನವರಿಗೆ ಸಿಗುತ್ತದೆ.

ಈ 'ಊರಿನವರಿಗೆ' ಅನ್ನೋದನ್ನೇ ನಾವು ಹಾರಿಸಿಬಿಡುತ್ತೇವೆ. ಮಾರುವವನು ಅರಸನ ಅಧಿಕಾರಿಯಲ್ಲ, ಪಕ್ಕದ ಗದ್ದೆಯವನು. ಆಗ ತೆರಿಗೆಯ ಹೊಣೆ ಬಹುಮಟ್ಟಿಗೆ ಊರಿನ ಸಭೆಯ ಮೇಲಿತ್ತು. ಒಬ್ಬ ಕಟ್ಟದಿದ್ದರೆ ಆ ಭಾರ ಉಳಿದವರ ತಲೆಗೆ. ಹಾಗಾಗಿ ನನ್ನ ಓದಿನಲ್ಲಿ ಇದು ಖಜಾನೆಯ ಹರಾಜಿಗಿಂತ, ಬಾಕಿಯ ಭಾರ ಹೊತ್ತವರಿಗೆ ಆ ಭೂಮಿಯ ಮೇಲೆ ಸಿಕ್ಕ ಹಕ್ಕು. ಈಗಿನ ಮಾತಿನಲ್ಲಿ ಹೇಳಬೇಕೆಂದರೆ ಋಣಭಾರ.

ತೆರಿಗೆ ವ್ಯಕ್ತಿಗಲ್ಲ, ಭೂಮಿಗೆ ಅಂಟಿದ್ದು ಎನ್ನುವುದಕ್ಕೆ ಚೋಳರ ಕಾಲದ ಕ್ರಯಶಾಸನಗಳಲ್ಲೇ ಇನ್ನೊಂದು ಸಾಕ್ಷಿ ಇದೆ. ದೇವಾಲಯಕ್ಕೆಂದು ಭೂಮಿ ಕೊಂಡವರು ಬೆಲೆಯ ಜೊತೆಗೆ 'ಇರೈಕಾವಲ್' ಎಂಬ ಇಡಿಗಂಟನ್ನೂ ಸಭೆಗೆ ಕೊಡುತ್ತಿದ್ದರು. ಮುಂದೆ ಆ ಭೂಮಿಯ ತೆರಿಗೆ ಸಭೆಯ ಪಾಲಿಗೆ. ಕೈ ಬದಲಾದರೂ ತೆರಿಗೆ ಭೂಮಿಯ ಜೊತೆಗೇ ಬರುತ್ತದೆ ಎಂದು ಕೊಳ್ಳುವವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಕಳಚಿಕೊಳ್ಳಲು ಬೇರೆ ದುಡ್ಡೇ ಕೊಡಬೇಕಿತ್ತು. ನಾವು ಸೈಟು ಕೊಳ್ಳುವ ಮುಂಚೆ ಇ.ಸಿ. ತೆಗೆಸ್ತೀವಲ್ಲ, ಅದೇ ಆತಂಕ. (ಕನ್ನಡ ಶಾಸನಗಳ 'ಸರ್ವಬಾಧಾಪರಿಹಾರ'ವನ್ನು ಕೆಲವರು ಇ.ಸಿ.ಗೆ ಹೋಲಿಸುತ್ತಾರೆ. ಅದು ತಪ್ಪು. ಅಲ್ಲಿ 'ಬಾಧೆ' ಅಂದರೆ ಸುಂಕ, ಬಿಟ್ಟಿಯಂಥ ಹೇರಿಕೆಗಳು; ಸಾಲವಲ್ಲ.)

ಈಗ ನನ್ನ ಮುಖ್ಯ ತಕರಾರಿಗೆ ಬರ್ತೇನೆ. ವಿಜಯನಗರ ಕಾಲದ ಕನ್ನಡ ಕ್ರಯಪತ್ರಗಳನ್ನು ನೋಡಿ. ಭೂಮಿ ಕೈ ಬದಲಾಗುವಾಗ ಹೆಂಡತಿ, ಮಕ್ಕಳು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಎಲ್ಲರ ಅನುಮತಿ ಇದೆ ಎಂದು ಬರೆಸುತ್ತಾರೆ. ಧಾರೆ ಎರೆಯುವ ಕೈ ಒಡೆಯನದೇ. ಉಕ್ಕಲ್ ಆಜ್ಞೆಯಲ್ಲಿ ಮಾತ್ರ ಮಾರಾಟ ಆಗುತ್ತದೆ, ಒಡೆಯ ಮಾರುವುದಿಲ್ಲ. ಎರಡನ್ನೂ 'ಭೂ ಮಾರಾಟದ ಶಾಸನ' ಎಂದು ಒಂದೇ ಪಟ್ಟಿಗೆ ಸೇರಿಸಿದರೆ, ಜಮೀನು ಕಳೆದುಕೊಂಡವನು ತಾನಾಗಿ ಮಾರಿದವನಂತೆ ಕಾಣಿಸುತ್ತಾನೆ. ನಮ್ಮ ಎಷ್ಟೋ ಸಂಕ್ಷಿಪ್ತ ಪಟ್ಟಿಗಳಲ್ಲಿ, ನಾನೇ ಮಾಡಿಕೊಂಡಿದ್ದ ಒಂದು ಪಟ್ಟಿಯಲ್ಲೂ, ಈ ತಪ್ಪು ಆಗಿದೆ.

16ನೇ ವರ್ಷದಿಂದಲೇ ಯಾಕೆ ಲೆಕ್ಕ? ರಾಜರಾಜನ ಹೆಸರಾಂತ ಭೂ ಅಳತೆ ನಡೆದದ್ದು ಸುಮಾರು 1001ರಲ್ಲಿ. 16ನೇ ವರ್ಷ ಅದಕ್ಕೆ ತೀರ ಹತ್ತಿರ. ಹೊಸ ಅಳತೆಯಿಂದ ಹೊಸ ತೆರಿಗೆ ಬಿದ್ದು, ಅದಕ್ಕೇ ಬಾಕಿ ಬೆಳೆದಿರಬಹುದು. ಇದು ಊಹೆ ಅಷ್ಟೇ, ಆದರೆ ಹಾಗಿದ್ದಲ್ಲಿ 'ಸೋಮಾರಿ ಬಾಕಿದಾರ' ಎಂಬ ನಮ್ಮ ಚಿತ್ರ ಅಲ್ಲಾಡುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲೂ ಬಾಕಿಗೆ ಜಪ್ತಿ, ಹರಾಜು ಇವೆ. ಆದರೆ ಹರಾಜು ರದ್ದು ಮಾಡಿ ಅಂತ ಅರ್ಜಿ ಹಾಕುವ ದಾರಿಯೂ ಇದೆ.

ಇನ್ನೊಂದು ಮಾತು. ಈ ಶಾಸನವನ್ನು ಕರ್ನಾಟಕಕ್ಕೂ ಎಳೆಯುವವರಿದ್ದಾರೆ. ಆ ಹೊತ್ತಿಗೆ ಗಂಗವಾಡಿ ಚೋಳರ ಕೈಸೇರಿತ್ತು, ನಿಜ. ಆದರೆ ಆಜ್ಞೆ ಹೆಸರಿಸುವುದು ಚೋಳ, ತೊಂಡೈ ಮತ್ತು ಪಾಂಡ್ಯ ನಾಡುಗಳನ್ನು. ತಲಕಾಡಿನ ಕಡೆಯ ಭೂಮಿಗೂ ಇದೇ ನಿಯಮ ಇತ್ತು ಎನ್ನಬೇಕಾದರೆ ಅಲ್ಲಿಯದೇ ಕಲ್ಲು ತೋರಿಸಬೇಕು.