ಗಿಳಿಯೂ ಗುರುವೂ
ಕೊಡಿಗೇಹಳ್ಳಿಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆವು. ಕ್ಯಾಸೆಟ್ಟಿನ ಕಾಲ ಹೋದರೂ ಮಕ್ಕಳು ಕುಣಿದದ್ದು ಯಾರೋ ಹಾಡಿಟ್ಟ ಸಿನಿಮಾ ಹಾಡಿಗೇ, ವೇದಿಕೆಯ ಕೆಳಗೆ ಕೈ ಬೀಸುತ್ತಿದ್ದ ಮೇಷ್ಟ್ರನ್ನೇ ನೋಡುತ್ತ. ಹುಡುಗಿಯೊಬ್ಬಳು ಹೆಜ್ಜೆ ಮರೆತು ತನಗೆ ತೋಚಿದಂತೆ ತಿರುಗಿದಳು. ಇಡೀ ಸಂಜೆಯಲ್ಲಿ ಜೀವವಿದ್ದದ್ದು ಆ ಗಳಿಗೆಗೆ. ಗದರಿಕೆ ಸಿಕ್ಕಿದ್ದೂ ಅದಕ್ಕೇ.

ಬಿ.ವಿ. ಕಾರಂತರು (1929–2002) ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದರು. ವೀರಣ್ಣನವರು ಅವರಿಗೆ ಪಾತ್ರ ಕೊಟ್ಟರು. ಮುಂದೆ ಕಂಪೆನಿಯಲ್ಲೇ ಕಟ್ಟಿಹಾಕದೆ ಓದಲು ಕಾಶಿಗೆ ಕಳಿಸಿದರು. ಅದೇ ಕಾರಂತರು ಟಾಗೋರರ ಕಥೆಯಿಂದ 'ಪಂಜರ ಶಾಲೆ'ಯನ್ನು ರಂಗಕ್ಕೆ ತಂದರು. ಗಿಳಿಗೆ ಹಾಳೆ ತುರುಕಿ ಕೊಲ್ಲುವ ಪಂಡಿತರ ಕಥೆ ಅದು.

ಶಿಸ್ತು ಬೇಡವೆನ್ನುತ್ತಿಲ್ಲ. ಆದರೆ ಕೈಹಿಡಿದು ಕಲಿಸಿದ ಉಸ್ತಾದನಿಗೆ ಕೈಬಿಡುವ ಹೊತ್ತೂ ತಿಳಿದಿರಬೇಕು. "ಇನ್ನೊಮ್ಮೆ ಹಾಗೇ ತಿರುಗಮ್ಮಾ" ಎನ್ನುವ ಮೇಷ್ಟ್ರು ಆ ಹುಡುಗಿಗೆ ಸಿಗಲಿ.