ಕೇಳಿಸಿದರು, ಕೇಳಿಸಿಕೊಳ್ಳಲಿಲ್ಲ

2020ರಲ್ಲಿ ಯಾರಿಗೇ ಫೋನ್ ಮಾಡಿದರೂ ಮೊದಲು ಕಿವಿಗೆ ಬೀಳುತ್ತಿದ್ದುದು ಕೊರೊನಾ ಸಂದೇಶ. ಅದರಲ್ಲೊಂದು ಒಳ್ಳೆಯ ಮಾತಿತ್ತು: ನಮ್ಮ ಹೋರಾಟ ರೋಗದ ವಿರುದ್ಧವೇ ಹೊರತು ರೋಗಿಯ ವಿರುದ್ಧವಲ್ಲ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಪತ್ರಿಕಾಗೋಷ್ಠಿಗಳಲ್ಲಿ ತಬ್ಲೀಗ್ ಜಮಾಅತ್‌ಗೆ ಸಂಬಂಧಿಸಿದ ಪ್ರಕರಣಗಳನ್ನು ಪ್ರತ್ಯೇಕವಾಗಿ ಎಣಿಸಿ ಹೇಳುತ್ತಿತ್ತು. ಸೋಂಕಿನ ಜಾಡು ಹಿಡಿಯುವುದು ಬೇರೆ, ಅಂಕಿಗೆ ಧರ್ಮದ ಚೀಟಿ ಅಂಟಿಸುವುದು ಬೇರೆ. ಗಾಡಿಯವನ ಹೆಸರು ಕೇಳಿ ತರಕಾರಿ ಕೊಳ್ಳುವ ಚಾಳಿ ಹಲವೆಡೆ ಕಂಡದ್ದು ಆಗಲೇ.

2021ರ ಜನವರಿಯಲ್ಲಿ ಅಮಿತಾಭ್ ಬಚ್ಚನ್ ಧ್ವನಿ ಹೋಗಿ ಹೊಸ ಸಂದೇಶ ಬಂತು: ಲಸಿಕೆ ನಂಬಿ, ವದಂತಿ ನಂಬಬೇಡಿ. ಸಂಶಯವೆಲ್ಲ ವದಂತಿಯೇ? ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಿತ್ತು. ಅದೇಕೆಂದು ಕೇಳಿದವರಿಗೆ ಬೇಕಿದ್ದುದು ವಿವರಣೆ, ಬುದ್ಧಿವಾದವಲ್ಲ. ಮೇ ತಿಂಗಳಲ್ಲಿ ದಿಲ್ಲಿ ಹೈಕೋರ್ಟೇ ಈ ಸಂದೇಶದ ಮೇಲೆ ಹರಿಹಾಯ್ದಿತು: ಸಾಕಷ್ಟು ಲಸಿಕೆಯೇ ಇಲ್ಲದಾಗ ಹಾಕಿಸಿಕೊಳ್ಳಿ ಎನ್ನುವುದು ಯಾರಿಗೆ? ಗುಂಡಿ ಒತ್ತಿ ಆ ಧ್ವನಿಯನ್ನು ನಿಲ್ಲಿಸಬಹುದಿತ್ತು, ಅದಕ್ಕೆ ಮರುಪ್ರಶ್ನೆ ಹಾಕುವಂತಿರಲಿಲ್ಲ.

ಪಾಠ ಹಳೆಯದೇ. ಎರಡು ಸಾವಿರದ ದಶಕದಲ್ಲಿ ಪಶ್ಚಿಮ ಉತ್ತರ ಪ್ರದೇಶದ ಕೆಲವು ಮುಸ್ಲಿಮ್ ಕುಟುಂಬಗಳು ಪೋಲಿಯೋ ಹನಿ ಬೇಡವೆಂದಾಗಲೂ ಅಜ್ಞಾನವೆಂದು ದೂರಿದವರಿದ್ದರು. ಪರಿಸ್ಥಿತಿ ಬದಲಾದದ್ದು ಅದೇ ಕೇರಿಯ ಹೆಂಗಸರು ಮನೆಮನೆಗೆ ಹೋದಾಗ, ಮಸೀದಿಯ ಮೈಕಿನಲ್ಲಿ ಇಮಾಮರು ಹೇಳಿದಾಗ. ಬರಿಯ ಹನಿ ಏಕೆ, ಮಗುವಿನ ಭೇದಿಗೆ, ಮನೆಮುಂದಿನ ಚರಂಡಿಗೆ ಏನು ಮಾಡುತ್ತೀರಿ ಎಂದು ತಾಯಂದಿರು ಕೇಳುತ್ತಿದ್ದರು. ಕ್ರಮೇಣ ಭೇದಿಯ ಚಿಕಿತ್ಸೆ, ನೈರ್ಮಲ್ಯ ಎರಡೂ ಪೋಲಿಯೋ ಕಾರ್ಯಕ್ರಮದೊಳಗೇ ಬಂದವು.