ಬಿಟ್ಟುಕೊಡುವ ಅಚ್ಚು

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವ ಮನೆಯಲ್ಲಿ ಬೆಳೆದವರಿಗೆ ಮೊದಲ ಪಾಠ ಗೊತ್ತೇ ಇರುತ್ತದೆ: ಮರದ ಅಚ್ಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಬೇಕು. ಒಣ ಮರಕ್ಕೆ ಪಾಕ ಹೊಯ್ದರೆ ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿದು ಮೈಯಷ್ಟೇ ಕೈಗೆ ಬರುತ್ತದೆ. ಅಮ್ಮನ ಜತೆ ಹೈದರಾಬಾದಿಗೆ ಬಂದ ಆ ಅಚ್ಚುಗಳು ಕಾಚಿಗುಡದ ನಮ್ಮ ಮನೆಯ ಅಟ್ಟದಲ್ಲಿವೆ. ಗಾಜು ಬಾಗಿಸುವ ಹವ್ಯಾಸಕ್ಕೆ ಬಿದ್ದಾಗ ನಾನು ಮತ್ತೆ ಮತ್ತೆ ನೆನೆದದ್ದು ಅವನ್ನೇ.

ಕೆಲಸ ಹೇಳಲು ಸುಲಭ. ಅಚ್ಚಿನ ಮೇಲೆ ಗಾಜಿನ ಹಾಳೆಯಿಟ್ಟು ವಿದ್ಯುತ್ ಆವಿಗೆಯಲ್ಲಿ ಮೆಲ್ಲಗೆ ಕಾಯಿಸುತ್ತೇವೆ. ಕಿಟಕಿಯ ಗಾಜಾದರೆ ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಿ, ತನ್ನ ಭಾರಕ್ಕೆ ತಾನೇ ಇಳಿದು ಅಚ್ಚಿನ ಆಕಾರ ತಾಳುತ್ತದೆ. ಗಾಜನ್ನು ಕರಗಿಸಿ ಎರಕ ಹೊಯ್ಯುವವರು ಅಚ್ಚನ್ನು ಒಡೆದು ವಸ್ತು ತೆಗೆಯುವುದುಂಟು. ನಮ್ಮ ಬಿದರಿ ಕುಶಲಕರ್ಮಿಗಳೂ ಹಾಗೆಯೇ. ಹರಳೆಣ್ಣೆ, ರಾಳ ಬೆರೆಸಿದ ಮರಳಿನ ಅಚ್ಚು ಒಂದು ಎರಕಕ್ಕೆ ಮುಗಿಯಿತು. ಬಿದರಿಯ ತವರಾದ ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಬಿದರಿ ಹೂಜಿಗಳ ಮುಂದೆ ನಿಂತಾಗೆಲ್ಲ, ಹಿಂದೆ ಪುಡಿಯಾಗಿ ಹೋದ ಅಚ್ಚುಗಳೇ ನನ್ನ ಕಣ್ಣಿಗೆ ಬರುತ್ತವೆ. ಬಾಗಿಸುವ ಗಾಜಿಗೆ ಆ ಖರ್ಚಿಲ್ಲ. ಒಂದೇ ಅಚ್ಚು ವರ್ಷಗಟ್ಟಲೆ ದುಡಿಯುತ್ತದೆ, ಗಾಜನ್ನು ಬಿಟ್ಟುಕೊಡಲು ಅದಕ್ಕೆ ಬರಬೇಕು ಅಷ್ಟೆ.

ಇದು ನನಗೆ ತಿಳಿದದ್ದು ಒಂದು ಮಣ್ಣಿನ ಬೋಗುಣಿಯಿಂದ. ಅದನ್ನು ಬೋರಲು ಹಾಕಿ, ಮೇಲೆ ಗಾಜಿಟ್ಟು ಸುಟ್ಟೆ. ಬೆಳಿಗ್ಗೆ ನೋಡಿದರೆ ಬೋಗುಣಿ ಗಟ್ಟಿಯಾಗಿತ್ತು, ಗಾಜು ಮೂರು ಹೋಳಾಗಿತ್ತು. ಕಾರಣ ಸರಳ, ಆದರೆ ನನಗೆ ಹೊಳೆಯಲು ತಿಂಗಳು ಹಿಡಿಯಿತು. ಒಂದು ಮೀಟರ್ ಉದ್ದದ ವಸ್ತು 500 ಡಿಗ್ರಿಯಷ್ಟು ತಣಿದರೆ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 8.5 ಮಿಲಿಮೀಟರ್ ಕುಗ್ಗುತ್ತದೆ, ಕಿಟಕಿಯ ಗಾಜು ಸುಮಾರು 4.5, ಸುಟ್ಟ ಮಣ್ಣು 3ರ ಆಸುಪಾಸು. ಮಣ್ಣಿನ ಮೇಲೆ ಟೋಪಿಯಂತೆ ಕೂತ ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗಿ ಅದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಕೊನೆಗೆ ತಾನೇ ಬಿರಿಯುತ್ತದೆ. ಅದೇ ಗಾಜು ಮಣ್ಣಿನ ಬಟ್ಟಲ ಒಳಗೆ ಇಳಿದಿದ್ದರೆ ಕುಗ್ಗುತ್ತ ಗೋಡೆಯಿಂದ ಸರಿದುಕೊಳ್ಳುತ್ತಿತ್ತು. ಸ್ಟೀಲಿನದು ಇದಕ್ಕೆ ತದ್ವಿರುದ್ಧ. ಬೋರಲು ಹಾಕಿದ ಪಾತ್ರೆ ಗಾಜಿಗಿಂತ ಹೆಚ್ಚು ಕುಗ್ಗಿ ಒಳಗಿನಿಂದ ತಾನೇ ಕಳಚಿಕೊಳ್ಳುತ್ತದೆ. ಒಳಗೆ ಇಳಿಸಲು ಮಣ್ಣು, ಮೇಲೆ ಹೊದಿಸಲು ಸ್ಟೀಲು: ಇದನ್ನು ನಾನು ಆವಿಗೆಯ ಪಕ್ಕದ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ.

ಸ್ಟೀಲಿಗೆ ಬೇಗಂ ಬಜಾರ್ ಇದೆ. ಪಾತ್ರೆಗಳ ಆ ಗಲ್ಲಿಗಳಲ್ಲಿ ನಾನು ಹುಡುಕುವುದು ದಪ್ಪ ತಗಡಿನ, ಬೆಸುಗೆಯಿಲ್ಲದ, ತಳ ಕಿರಿದಾಗಿ ಬಾಯಿ ಅಗಲವಾದ ಕಟೋರಾ. ಹೊಟ್ಟೆ ಬಾಯಿಗಿಂತ ಉಬ್ಬಿರಬಾರದು. ಉಬ್ಬಿದ್ದರೆ ಗಾಜು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಅಚ್ಚು ಕೊರೆಯುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಮಣ್ಣಿನ ಅಚ್ಚನ್ನು ನಾನೇ ತಟ್ಟುತ್ತೇನೆ. ಜೇಡಿಗೆ ಸುಟ್ಟ ಮಣ್ಣಿನ ಪುಡಿ ಬೆರೆಸಿದರೆ ಪದೇ ಪದೇ ಕಾದು ತಣಿಯುವ ಏಟನ್ನು ತಡೆಯುತ್ತದೆ. ಒಣಗಿ ಬೆಂದ ಮೇಲೆ ಹತ್ತರಲ್ಲೊಂದು ಪಾಲಿನಷ್ಟು ಕುಗ್ಗುವುದರಿಂದ ಮೊದಲೇ ಅಷ್ಟು ದೊಡ್ಡದು ಮಾಡಬೇಕು. ಹಸಿಯಿರುವಾಗಲೇ ಅತ್ಯಂತ ತಗ್ಗಿನ ಜಾಗದಲ್ಲಿ 3 ಮಿಲಿಮೀಟರಿನ ತೂತು ಕೊರೆಯುವುದನ್ನು ಮರೆಯಬಾರದು. ಕೆಳಗೆ ಸಿಕ್ಕ ಗಾಳಿಗೆ ದಾರಿಯಿಲ್ಲದಿದ್ದರೆ ಬಟ್ಟಲಿನ ತಳದಲ್ಲಿ ಗುಳ್ಳೆ ಏಳುತ್ತದೆ. ಮೆರುಗು ಕೂಡದು, ಮೆರುಗೂ ಗಾಜೇ. ಗಾಜಿಗೆ ಗಾಜು ಅಂಟುತ್ತದೆ.

ಇನ್ನು ಗಾಜು ಅಚ್ಚಿಗೆ ಅಂಟದಂತೆ ಹಚ್ಚುವ ಲೇಪ. ಅಲ್ಯುಮಿನಾ ಹೈಡ್ರೇಟ್ ಮತ್ತು ಚೀನೀ ಜೇಡಿಯ ಪುಡಿಯನ್ನು ನೀರಾದ ಮಜ್ಜಿಗೆಯಷ್ಟು ತೆಳುವಾಗಿ ಕಲಸಿ, ಮೃದುವಾದ ಬ್ರಶ್ಶಿನಿಂದ ನಾಲ್ಕೈದು ಸಲ, ಪ್ರತಿ ಸಲ ದಿಕ್ಕು ಬದಲಿಸಿ ಹಚ್ಚುತ್ತೇನೆ. ಸ್ಟೀಲಿಗೆ ನೇರವಾಗಿ ಹಚ್ಚಿದರೆ ಎಲೆಯ ಮೇಲಿನ ಹನಿಯಂತೆ ಜಾರಿಹೋಗುತ್ತದೆ. ಉಜ್ಜಿ ಒರಟು ಮಾಡಿ, 200 ಡಿಗ್ರಿ ದಾಟಿಸಿ ಕಾಯಿಸಿ, ಬಿಸಿಯಿರುವಾಗಲೇ ಹಚ್ಚಬೇಕು. ಪುಡಿ ಕಲಸುವಾಗ ಮಾಸ್ಕ್ ತೆಗೆಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಗಿಸುವ ಹದ ದಾಟದಿದ್ದರೆ ಒಮ್ಮೆ ಹಚ್ಚಿದ ಲೇಪ ಹತ್ತಾರು ಸುಡುವಿಕೆಗೆ ಸಾಕು. ಸಿಪ್ಪೆ ಏಳತೊಡಗಿದಾಗ ಕೆರೆದು ಹೊಸದು ಹಚ್ಚಿ. 800 ಡಿಗ್ರಿಯವರೆಗೆ ಹೋಗಿ ಗಾಜನ್ನು ಪೂರ್ತಿ ಬೆಸೆಯುವವರು ಪ್ರತಿ ಸಲವೂ ಹೊಸ ಲೇಪ ಹಚ್ಚಬೇಕಾಗುತ್ತದೆ.

ಮಳೆಗಾಲದಲ್ಲಿ ಅಚ್ಚು ಕಣ್ಣಿಗೆ ಕಾಣದಂತೆ ತೇವ ಹೀರಿಕೊಂಡಿರುತ್ತದೆ. ಆಗ ಬರಿಯ ಅಚ್ಚನ್ನೇ 110 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಒಣಗಿಸಿ ಆಮೇಲೆ ಗಾಜಿಡುತ್ತೇನೆ. ಈ ಆಷಾಢದಲ್ಲೂ ಹಾಗೆಯೇ ಮಾಡಿದೆ. ಮರುದಿನ ಆವಿಗೆ ಕೈಬಿಸಿಗೆ ಇಳಿದ ಮೇಲೆ ಮುಚ್ಚಳ ತೆರೆದು ಹಸಿರು ಬಟ್ಟಲ ಅಂಚನ್ನು ಬೆರಳ ತುದಿಯಿಂದ ಮುಟ್ಟಿದೆ. ಅಚ್ಚಿನೊಳಗೆ ಅದು ತಿರುಗಿತು.